ಬ್ಲಾಸ್‌ಫೆಲ್ಟ್ ತೆಗೆದ ಗಿಡದ ಚಿತ್ರವನ್ನು ಕಿಟಕಿಯ ಬಳಿ ಮತ್ತೆ ತೆಗೆಯುವುದು ಹೇಗೆ?

ನುರಿತವರ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಅದರಂತೆಯೇ ಇನ್ನೊಂದನ್ನು ತೆಗೆಯಲು ಕೂರುವುದು ಛಾಯಾಗ್ರಹಣ ಕಲಿಯುವ ಒಳ್ಳೆಯ ದಾರಿಗಳಲ್ಲಿ ಒಂದು. ಆದರೆ ನಿಸರ್ಗದ ಚಿತ್ರಗಳ ವಿಷಯದಲ್ಲಿ ಈ ದಾರಿಗೆ ಒಂದು ತೊಡಕಿದೆ. ಕರ್ನಾಟಕದಲ್ಲಿ ಈ ಕಲೆಯ ಮಾತು ಬಂದರೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್, ಎಂ.ವೈ. ಘೋರ್ಪಡೆ ಅವರ ಹೆಸರುಗಳು ಮೊದಲು ನೆನಪಾಗುತ್ತವೆ. ಅವರಿಂದ ಕಲಿಯುವುದು ಬೇಕಾದಷ್ಟಿದ್ದರೂ, ಕಾಡಿನ ಪ್ರಾಣಿಯಾಗಲಿ ಹಕ್ಕಿಯಾಗಲಿ ನಾವು ಹೇಳಿದ ಜಾಗಕ್ಕೆ, ಹೇಳಿದ ಬೆಳಕಿಗೆ ಬಂದು ನಿಲ್ಲುವುದಿಲ್ಲ. ನಮ್ಮ ಚಿತ್ರ ಅವರ ಚಿತ್ರದಂತೆ ಬರದಿದ್ದಾಗ ಕೊರತೆ ನಮ್ಮ ಕೈಯಲ್ಲಿತ್ತೋ, ಪ್ರಾಣಿಯ ಮರ್ಜಿಯಲ್ಲಿತ್ತೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ ಈ ಅಭ್ಯಾಸಕ್ಕೆ ಓಡಿಹೋಗದ ವಸ್ತುವನ್ನು ಆರಿಸಿಕೊಂಡವರೇ ಮೊದಲ ಗುರುವಾಗಿ ಸಿಗಬೇಕು. ನನ್ನ ಆಯ್ಕೆ ಗಿಡಗಳನ್ನೇ ಹತ್ತಿರದಿಂದ ಚಿತ್ರಿಸಿದ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್.

1865ರಲ್ಲಿ ಹಾರ್ಟ್ಸ್ ಬೆಟ್ಟಸೀಮೆಯಲ್ಲಿ ಹುಟ್ಟಿದ ಬ್ಲಾಸ್‌ಫೆಲ್ಟ್ ಮೊದಲು ಕಲಿತದ್ದು ಕಬ್ಬಿಣದ ಎರಕದ ಕೆಲಸವನ್ನು. ಛಾಯಾಗ್ರಹಣವನ್ನು ಅವರು ಯಾವ ಶಾಲೆಯಲ್ಲಿಯೂ ಓದಲಿಲ್ಲ. 1890ರ ದಶಕದಲ್ಲಿ ಮೊರಿಟ್ಸ್ ಮಾಯ್ರರ್ ಎಂಬ ಕಲಾ ಶಿಕ್ಷಕರ ಜತೆ ಇಟಲಿಯಲ್ಲಿ ಸಸ್ಯಗಳ ಅಚ್ಚುಗಳನ್ನು ಸಿದ್ಧಪಡಿಸಿದರು. ಅನಂತರ ಬರ್ಲಿನ್ನಿನ ಕಲಾಶಾಲೆಯಲ್ಲಿ ಮೂರು ದಶಕಗಳ ಕಾಲ, ಜೀವಂತ ಗಿಡಗಳನ್ನು ನೋಡಿ ಮೂರ್ತಿ ಮಾಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿದರು. ತರಗತಿಯಲ್ಲಿ ತೋರಿಸಲೆಂದು ತಾವೇ ತೆಗೆದ ಸಾವಿರಾರು ಚಿತ್ರಗಳಲ್ಲಿ 120 ಚಿತ್ರಗಳು 1928ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ ಅರವತ್ತು ದಾಟಿತ್ತು, 1932ರಲ್ಲಿ ತೀರಿಕೊಂಡರು. ಪಾಠದ ಸಾಮಗ್ರಿಯಾಗಿ ಹುಟ್ಟಿದ ಚಿತ್ರಗಳಾದ್ದರಿಂದ ಅವುಗಳಲ್ಲಿ ಮಬ್ಬುಗವಿದ ಸೊಗಸಿಗೆ ಜಾಗವಿಲ್ಲ. ಬರಿಯ ಹಿನ್ನೆಲೆ, ಮೆದುವಾದ ಹಗಲು ಬೆಳಕು, ಚೌಕಟ್ಟಿನ ನಡುವೆ ನೆಟ್ಟಗೆ ನಿಂತ ಒಂದು ಕುಡಿ ಅಥವಾ ಒಂದು ಬೀಜಕೋಶ, ಇಷ್ಟೇ. ನೋಡಲು ಇಷ್ಟು ಸರಳವಾದದ್ದನ್ನು ಮಾಡಲು ಹೊರಟಾಗಲೇ ಅದರ ಹಿಂದಿನ ಒಂದೊಂದು ತೀರ್ಮಾನವೂ ಎದ್ದು ಕಾಣುತ್ತದೆ.

ಮೊದಲು ಕಣ್ಣಿನ ಕೆಲಸ

ಒಂದೇ ಒಂದು ಚಿತ್ರವನ್ನು ಆರಿಸಿಕೊಳ್ಳಿ. ಅವರ ಜರೀಗಿಡದ (ಫರ್ನ್) ಸುರುಳಿಗಳು ಮತ್ತು ಕುಂಬಳಬಳ್ಳಿಯ ಸುರುಳಿಕುಡಿಗಳು ಹೆಸರಾದವು. ಎರಡಕ್ಕೂ ಹತ್ತಿರದ ವಸ್ತು ನಮ್ಮಲ್ಲಿ ಸಿಗುವುದರಿಂದ ಮೊದಲ ಅಭ್ಯಾಸಕ್ಕೆ ಇವೇ ಸಾಕು. ಚಿತ್ರವನ್ನು ಮೊಬೈಲ್ ಪರದೆಯಲ್ಲಿ ನೋಡಿದರೆ ಸಾಲದು. ಎ4 ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಕ್ಯಾಮೆರಾ ಮುಟ್ಟುವ ಮುನ್ನ ಕಾಗದದಲ್ಲಿ ಬರೆದಿಡಬೇಕಾದ ಕೆಲವು ಪ್ರಶ್ನೆಗಳಿವೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ? ಕಾಂಡದ ಒಂದು ಅಂಚು ಎಷ್ಟು ಕಪ್ಪಗಿದೆ, ಆ ಕಪ್ಪು ಗೆರೆ ಕತ್ತರಿಸಿದಂತಿದೆಯೋ, ನಿಧಾನವಾಗಿ ಕರಗುತ್ತದೆಯೋ? ಹಿನ್ನೆಲೆ ಗಿಡಕ್ಕಿಂತ ತಿಳಿಯೋ, ಗಾಢವೋ? ಗಿಡದ ನೆರಳು ಹಿನ್ನೆಲೆಯ ಮೇಲೆ ಬಿದ್ದಿದೆಯೇ? ಚೌಕಟ್ಟಿನ ಅಂಚಿಗೂ ಗಿಡಕ್ಕೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ? ಈ ಉತ್ತರಗಳನ್ನು ಬರೆಯದೆ ಕ್ಯಾಮೆರಾ ಹಿಡಿದವರು ನಕಲು ಮಾಡುತ್ತಿರುವುದು ಚಿತ್ರವನ್ನಲ್ಲ, ಚಿತ್ರದ ಬಗ್ಗೆ ತಮಗಿರುವ ನೆನಪನ್ನು.

ಅಳತೆಯ ವಿಚಾರದಲ್ಲಿ ಒಂದು ಗೊಂದಲವನ್ನು ಇಲ್ಲಿಯೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಬ್ಲಾಸ್‌ಫೆಲ್ಟ್ ಚಿತ್ರಗಳ ಕೆಳಗೆ ಇಷ್ಟು ಪಟ್ಟು ಹಿಗ್ಗಿಸಿದ್ದು ಎಂದು ಬರೆದಿರುತ್ತದೆ. ಅದು ಮುದ್ರಿತ ಪುಟದ ಲೆಕ್ಕ. 3 ಸೆಂ.ಮೀ. ಎತ್ತರದ ಕುಡಿಯನ್ನು 30 ಸೆಂ.ಮೀ. ಎತ್ತರದ ಕಾಗದದ ತುಂಬ ಮುದ್ರಿಸಿದರೆ ಅದು 10 ಪಟ್ಟು ಆಯಿತು. ಇದಕ್ಕೆ ಸಾಧಾರಣ ಮ್ಯಾಕ್ರೋ ಲೆನ್ಸ್ (ಚಿಕ್ಕ ವಸ್ತುವನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್) ಸಾಕು, ಸೂಕ್ಷ್ಮದರ್ಶಕ ಬೇಕಾಗಿಲ್ಲ.

ಗಿಡವನ್ನು ಆರಿಸುವುದು, ಸವರುವುದು

ಈ ಅಭ್ಯಾಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಹೆಚ್ಚು ಕಲಿಸುವುದೂ ಇದೇ ಹಂತ. ಬ್ಲಾಸ್‌ಫೆಲ್ಟ್ ಕೈಗೆ ಸಿಕ್ಕ ಗಿಡವನ್ನು ಸಿಕ್ಕಂತೆ ಚಿತ್ರಿಸಿದವರಲ್ಲ. ಹೊಂದಿಕೆಯಾದ ಮಾದರಿಯನ್ನು ಹುಡುಕಿ, ಬೇಡದ ಎಲೆಗಳನ್ನು ಕತ್ತರಿಸಿ, ರಚನೆ ಮಾತ್ರ ಉಳಿಯುವಂತೆ ಸವರುತ್ತಿದ್ದರು. ನೆಗೆಟಿವ್ ಮೇಲೂ ತಿದ್ದುತ್ತಿದ್ದರು. ಅವರ ಚಿತ್ರಗಳನ್ನು ಸಸ್ಯಶಾಸ್ತ್ರದ ದಾಖಲೆ ಎಂದು ನೋಡುವವರಿಗೆ ಇದು ಮೋಸವೆನಿಸೀತು. ನನಗೆ ಹಾಗೆನಿಸುವುದಿಲ್ಲ, ಏಕೆಂದರೆ ಅವರು ಕಲಿಸುತ್ತಿದ್ದದ್ದು ಆಕಾರವನ್ನು.

ಮಳೆಗಾಲ ಹಿಡಿದ ಮೇಲೆ ಮಲೆನಾಡಿನ ಕಾಲುವೆ ಬದಿಯಲ್ಲಿ, ಹಳೆಯ ಕಲ್ಲುಗೋಡೆಯ ಸಂದಿಯಲ್ಲಿ ಜರೀಗಿಡಗಳು ಹೊಸ ಸುರುಳಿಗಳನ್ನು ಬಿಡುತ್ತವೆ. ಬೆಂಗಳೂರು, ಮೈಸೂರಿನ ಮನೆಗಳ ಕುಂಡಗಳಲ್ಲಿಯೂ ಅವು ಸಿಗುತ್ತವೆ. ಹತ್ತಾರು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರ ಸುತ್ತು ಬಿಗಿ, ಇನ್ನೊಂದು ಆಗಲೇ ಬಿಚ್ಚತೊಡಗಿದೆ, ಮತ್ತೊಂದನ್ನು ಹುಳು ಕೊರೆದಿದೆ. ಕಾಂಡವನ್ನು ಮುಚ್ಚಿದ ಕಂದು ಹೊಟ್ಟು ಕೆಲವುಗಳಲ್ಲಿ ದಟ್ಟವಾಗಿದ್ದರೆ ಕೆಲವುಗಳಲ್ಲಿ ಆಗಲೇ ಉದುರಿದೆ. ಕುಂಬಳದ ಕುಡಿಯಲ್ಲಿ ಗಮನಿಸಬೇಕಾದದ್ದು ಬೇರೆ. ಆಸರೆ ಸಿಗದ ಕುಡಿ ಒಂದೇ ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ತಂತಿಯನ್ನೋ ಕಡ್ಡಿಯನ್ನೋ ಹಿಡಿದುಕೊಂಡ ಕುಡಿ ಎರಡೂ ತುದಿ ಬಿಗಿಯಾದ ಮೇಲೆ ಸುತ್ತುವುದರಿಂದ, ಅರ್ಧ ಸುರುಳಿ ಒಂದು ದಿಕ್ಕಿಗೂ ಉಳಿದರ್ಧ ಎದುರು ದಿಕ್ಕಿಗೂ ತಿರುಗಿ, ನಡುವೆ ಒಂದು ನೇರವಾದ ತುಣುಕು ಉಳಿಯುತ್ತದೆ. ಯಾವುದನ್ನು ಕತ್ತರಿಸಬೇಕೆಂಬುದನ್ನು ಗೋಡೆಯ ಮೇಲಿನ ಚಿತ್ರ ನೋಡಿಯೇ ತೀರ್ಮಾನಿಸಬೇಕು.

ಬೆಳಗಿನ ತಂಪಿನಲ್ಲಿ ಕೊಯ್ದು ಕೂಡಲೇ ನೀರಿನಲ್ಲಿಡಿ. ಕುಂಬಳದ ಕುಡಿ ಬಹುಬೇಗ ಸೋಲುತ್ತದೆ. ಹಾಗಾಗಿ ಹಿನ್ನೆಲೆ, ಬೆಳಕು, ಕ್ಯಾಮೆರಾ ಎಲ್ಲವನ್ನೂ ಒಂದು ಒಣಕಡ್ಡಿ ಇಟ್ಟು ಮೊದಲೇ ಹೊಂದಿಸಿಕೊಂಡು, ಕೊನೆಗೆ ಕುಡಿಯನ್ನು ತನ್ನಿ. ಸವರಲು ಚೂಪಾದ ಸಣ್ಣ ಕತ್ತರಿ, ಧೂಳು ತೆಗೆಯಲು ಮೆದು ಕುಂಚ ಬೇಕು. ಬುಡವನ್ನು ನೆಟ್ಟಗೆ ನಿಲ್ಲಿಸಲು ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಉಂಡೆ ಸಾಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂಬುದು ನೆನಪಿರಲಿ. ಹಿತ್ತಲು, ಕುಂಡ ಮತ್ತು ರಸ್ತೆಬದಿಯ ಕಳೆ ನಮ್ಮ ಕೆಲಸಕ್ಕೆ ಧಾರಾಳ.

ಹಿನ್ನೆಲೆ ಮತ್ತು ಬೆಳಕು

ಬಿಸಿಲು ನೇರವಾಗಿ ಬೀಳದ ಕಿಟಕಿ ಬೇಕು. ಉತ್ತರ ದಿಕ್ಕಿನದಾದರೆ ಸಾಮಾನ್ಯವಾಗಿ ಅನುಕೂಲ. ಬಿಸಿಲು ಬೀಳುವ ಕಿಟಕಿಯೇ ಗತಿಯಾದರೆ ಗಾಜಿಗೆ ಬಟರ್ ಪೇಪರ್ ಅಂಟಿಸಿ. ಮೇಜನ್ನು ಕಿಟಕಿಯ ಪಕ್ಕಕ್ಕಿಟ್ಟು, ಗಿಡಕ್ಕೆ ಬೆಳಕು ಬದಿಯಿಂದ ತಗಲುವಂತೆ ನಿಲ್ಲಿಸಿ. ಇನ್ನೊಂದು ಬದಿ ತೀರ ಕಪ್ಪಾದರೆ ಅಲ್ಲಿ ಥರ್ಮಾಕೋಲ್ ಹಾಳೆಯನ್ನು ನಿಲ್ಲಿಸಿ, ಹಿಂದೆ ಮುಂದೆ ಸರಿಸುತ್ತ ನೋಡಿ. ಗೋಡೆಯ ಚಿತ್ರದಲ್ಲಿ ಕಾಂಡದ ನೆರಳಿನ ಅಂಚು ಎಷ್ಟು ಗಾಢವಾಗಿದೆಯೋ ಅಷ್ಟಕ್ಕೆ ಬಂದಾಗ ಹಾಳೆಯನ್ನು ಅಲ್ಲಿಯೇ ಬಿಡಿ. ಕೋಣೆಯ ದೀಪಗಳನ್ನು ಆರಿಸಿ. ಫ್ಲ್ಯಾಶ್ ಬೇಡವೇ ಬೇಡ.

ಹಿನ್ನೆಲೆಗೆ ಬಿಳಿ, ಬೂದು ಮತ್ತು ಕಪ್ಪು ಡ್ರಾಯಿಂಗ್ ಹಾಳೆಗಳನ್ನು ಇಟ್ಟುಕೊಳ್ಳಿ; ಬ್ಲಾಸ್‌ಫೆಲ್ಟ್ ಬಳಸಿದ್ದೂ ಇಂಥ ಸಾದಾ ರಟ್ಟುಗಳನ್ನೇ. ಹಾಳೆಯನ್ನು ಗಿಡದಿಂದ ಒಂದೆರಡು ಅಡಿ ಹಿಂದಕ್ಕೆ ನಿಲ್ಲಿಸಿದರೆ ನೆರಳು ಅದರ ಮೇಲೆ ಬೀಳುವುದಿಲ್ಲ, ಕಾಗದದ ಮೇಲ್ಮೈಯೂ ಕಾಣುವುದಿಲ್ಲ. ಹೊಸಬರಿಗೆ ಅಚ್ಚರಿ ತರುವ ಸಂಗತಿಯೆಂದರೆ, ಒಂದೇ ಬಿಳಿ ಹಾಳೆ ಕಿಟಕಿಯ ಹತ್ತಿರವಿದ್ದಾಗ ಬಿಳಿಯಾಗಿಯೂ ದೂರ ಸರಿದಂತೆಲ್ಲ ಬೂದಾಗಿಯೂ ಚಿತ್ರದಲ್ಲಿ ಮೂಡುತ್ತದೆ. ಹಿನ್ನೆಲೆಯ ಬಣ್ಣವನ್ನು ನಿರ್ಧರಿಸುವುದು ಅಂಗಡಿಯಲ್ಲಿ ಕೊಂಡ ಹಾಳೆಗಿಂತ ಹೆಚ್ಚಾಗಿ ಅದರ ಮೇಲೆ ಬೀಳುವ ಬೆಳಕು.

ಕ್ಯಾಮೆರಾ

ಬ್ಲಾಸ್‌ಫೆಲ್ಟ್ ಗಾಜಿನ ಫಲಕಗಳ ಕ್ಯಾಮೆರಾದಲ್ಲಿ ನಿಮಿಷಗಟ್ಟಲೆ ಎಕ್ಸ್‌ಪೋಷರ್ ಕೊಡುತ್ತಿದ್ದರು, ಎಂದರೆ ಫಲಕದ ಮೇಲೆ ಅಷ್ಟು ಹೊತ್ತು ಬೆಳಕು ಬೀಳಲು ಬಿಡುತ್ತಿದ್ದರು. ನಮಗೆ ಅಷ್ಟು ಬೇಕಾಗದಿದ್ದರೂ ಟ್ರೈಪಾಡ್ ಇಲ್ಲದೆ ಈ ಕೆಲಸ ಆಗದು. ಮ್ಯಾಕ್ರೋ ಲೆನ್ಸ್ ಇಲ್ಲದವರು ಇರುವ ಲೆನ್ಸಿಗೇ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಟೊಳ್ಳು ಕೊಳವೆ) ಹಾಕಿಕೊಳ್ಳಬಹುದು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ತೂತು; ಅಂಕಿ ದೊಡ್ಡದಾದಷ್ಟೂ ತೂತು ಕಿರಿದು) ಎಫ್/11 ಅಥವಾ ಎಫ್/16, ಎರಡು ಸೆಕೆಂಡಿನ ಟೈಮರ್. ಶಟರ್ ವೇಗ ಎಷ್ಟಾದರೂ ಆಗಲಿ, ಕಿಟಕಿಯ ಬೆಳಕಿನಲ್ಲಿ ಅದು ಒಂದು ಸೆಕೆಂಡನ್ನು ದಾಟಿದರೂ ಗಾಬರಿ ಬೇಡ. ಎಫ್/22ರ ಆಚೆಗೆ ಹೋದರೆ ಬೆಳಕಿನ ವಿವರ್ತನೆಯಿಂದ, ಎಂದರೆ ಕಿರಿದಾದ ತೂತಿನಲ್ಲಿ ಬೆಳಕು ಚದುರುವುದರಿಂದ, ಇಡೀ ಚಿತ್ರ ಮೆತ್ತಗಾಗತೊಡಗುತ್ತದೆ. ಫ್ಯಾನ್ ನಿಲ್ಲಿಸಿ, ಮೇಜಿನ ಬಳಿ ಯಾರೂ ಓಡಾಡದಂತೆ ನೋಡಿಕೊಳ್ಳಿ.

ಇಷ್ಟಾದರೂ ಇಷ್ಟು ಹತ್ತಿರದಿಂದ ತೆಗೆಯುವಾಗ ಚೂಪಾಗಿ ಕಾಣುವ ಪದರ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಬ್ಲಾಸ್‌ಫೆಲ್ಟ್ ಅವರ ಗಿಡಗಳು ಏಕೆ ಸದಾ ಎದುರಾಗಿ ಇಲ್ಲವೇ ನೇರ ಮೇಲಿನಿಂದ ಕಾಣುತ್ತವೆ, ಓರೆಯಾಗಿ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ ಎಂದು ನನ್ನ ಅನಿಸಿಕೆ. ಸುರುಳಿಯ ಅಗಲವಾದ ಮುಖ ಕ್ಯಾಮೆರಾದ ಸೆನ್ಸರಿಗೆ ಸಮಾನಾಂತರವಾಗಿದ್ದರೆ ಮಾತ್ರ ಅದರ ಎಲ್ಲ ಸುತ್ತುಗಳೂ ಆ ತೆಳು ಪದರದೊಳಗೆ ಸೇರುತ್ತವೆ. ಜೇಡಿಯ ಉಂಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕ್ಯಾಮೆರಾ ಪರದೆಯ ಮೇಲಿನ ನೋಟವನ್ನು (ಲೈವ್ ವ್ಯೂ) ಹಿಗ್ಗಿಸಿ, ಸುರುಳಿಯ ಎಡ ಬಲ ಅಂಚುಗಳೆರಡೂ ಒಟ್ಟಿಗೆ ಸ್ಪಷ್ಟವಾಗುವವರೆಗೆ ಕಾಯಬೇಕು. ಬೇರೆ ಬೇರೆ ಫೋಕಸ್‌ನಲ್ಲಿ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುವ ವಿಧಾನವೂ ಇದೆ. ಮೊದಲ ಅಭ್ಯಾಸದಲ್ಲಿ ಅದನ್ನು ಬಳಸದಿರುವುದೇ ಲೇಸು, ಗಿಡವನ್ನು ನಿಲ್ಲಿಸುವ ಪಾಠ ಅದರಿಂದ ತಪ್ಪಿಹೋಗುತ್ತದೆ.

ಮೊಬೈಲ್ ಫೋನಿನಲ್ಲಿ ತೆಗೆಯುವವರು ಗಿಡಕ್ಕೆ ತೀರ ಹತ್ತಿರ ಹೋಗಬಾರದು. ಹಾಗೆ ಹೋದರೆ ಹಲವು ಫೋನುಗಳು ತಾವಾಗಿಯೇ ಅಗಲ ನೋಟದ ಲೆನ್ಸಿಗೆ ಬದಲಾಗುತ್ತವೆ; ಮುಂದಿರುವ ಭಾಗ ಉಬ್ಬಿದಂತೆ ಕಾಣುತ್ತದೆ, ಫೋನಿನ ನೆರಳೂ ಬೀಳುತ್ತದೆ. ಎರಡು ಪಟ್ಟು ಜೂಮ್ ಇಟ್ಟು ಸ್ವಲ್ಪ ಹಿಂದೆ ಸರಿದು ತೆಗೆದು, ಅನಂತರ ಅಂಚು ಕತ್ತರಿಸಿಕೊಳ್ಳಿ.

ಬೆಳಕಿನ ಅಳತೆಯಲ್ಲಿ ಕ್ಯಾಮೆರಾವನ್ನು ಪೂರ್ತಿ ನಂಬುವಂತಿಲ್ಲ. ಚೌಕಟ್ಟಿನ ಬಹುಪಾಲು ಬಿಳಿಯಿದ್ದರೂ ಕಪ್ಪಿದ್ದರೂ ಅದು ಎಲ್ಲವನ್ನೂ ನಡುಬೂದಿಗೆ ತರಲು ನೋಡುತ್ತದೆ. ಬಿಳಿ ಹಿನ್ನೆಲೆಯಿದ್ದಾಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಎಂದರೆ ಎರಡು ಪಟ್ಟಿಗೆ) ಹೆಚ್ಚಿಸಿ, ಕಪ್ಪಿದ್ದಾಗ ಒಂದು ಸ್ಟಾಪ್ (ಎಂದರೆ ಅರ್ಧಕ್ಕೆ) ತಗ್ಗಿಸಿ.

ಕಪ್ಪು ಬಿಳುಪಿಗೆ ತರುವುದು

ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರದಲ್ಲಿ) ತೆಗೆದಿದ್ದರೆ ಕಪ್ಪು ಬಿಳುಪಿಗೆ ಬದಲಾಯಿಸುವಾಗ ಹಸಿರು ಮತ್ತು ಹಳದಿಯ ಸ್ಲೈಡರುಗಳನ್ನು ಬೇರೆ ಬೇರೆಯಾಗಿ ಏರಿಳಿಸಬಹುದು. ಎಳೆಯ ಸುರುಳಿಯ ಹಸಿರಿನಲ್ಲಿ ಹಳದಿಯ ಪಾಲು ಹೆಚ್ಚಿರುವುದರಿಂದ, ಹಳದಿಯನ್ನು ತಗ್ಗಿಸಿದೊಡನೆ ಅದು ಎರಕ ಹೊಯ್ದ ಲೋಹದಂತೆ ಗಾಢವಾಗುತ್ತದೆ. ಆದರೆ ಕಾಂಟ್ರಾಸ್ಟನ್ನು (ಕಪ್ಪು ಬಿಳಿಯ ಅಂತರವನ್ನು) ಸಿಕ್ಕಾಪಟ್ಟೆ ಏರಿಸುವ ಈಗಿನ ಚಾಳಿ ಇಲ್ಲಿ ಕೆಲಸಕ್ಕೆ ಬಾರದು. ಗೋಡೆಯ ಚಿತ್ರದಲ್ಲಿ ಅಚ್ಚ ಕಪ್ಪು, ಅಚ್ಚ ಬಿಳಿ ಎಷ್ಟು ಕಡಿಮೆಯಿವೆ, ನಡುವಿನ ಬೂದುಗಳು ಎಷ್ಟಿವೆ ಎಂದು ಮತ್ತೊಮ್ಮೆ ನೋಡಿ.

ಅಕ್ಕಪಕ್ಕ ಇಟ್ಟು ನೋಡುವುದು

ನಿಮ್ಮ ಚಿತ್ರವನ್ನೂ ಅದೇ ಅಳತೆಯಲ್ಲಿ ಮುದ್ರಿಸಿ ಮೂಲದ ಪಕ್ಕಕ್ಕೆ ಅಂಟಿಸಿ. ಎರಡನ್ನೂ ತಲೆಕೆಳಗು ಮಾಡಿ ನೋಡುವುದು ಒಂದು ಒಳ್ಳೆಯ ಉಪಾಯ. ಗಿಡವೆಂಬುದು ಮರೆತುಹೋಗಿ ಕಪ್ಪು ಬಿಳಿ ಆಕಾರಗಳಷ್ಟೇ ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳು ಕೆಲವೇ: ಸುತ್ತ ಬಿಟ್ಟ ಜಾಗ ಹೆಚ್ಚಾಗಿರುತ್ತದೆ, ಬೆಳಕು ಮುಂದಿನಿಂದ ಬಿದ್ದು ಕಾಂಡ ಚಪ್ಪಟೆಯಾಗಿರುತ್ತದೆ, ಕತ್ತರಿಸಬೇಕಾಗಿದ್ದ ಒಂದು ಎಲೆ ಕರುಣೆಯಿಂದಲೋ ಸೋಮಾರಿತನದಿಂದಲೋ ಉಳಿದುಕೊಂಡಿರುತ್ತದೆ. ಮೊದಲು ಬರೆದಿಟ್ಟ ಉತ್ತರಗಳ ಪಕ್ಕದಲ್ಲಿಯೇ ಈ ವ್ಯತ್ಯಾಸಗಳನ್ನು ಬರೆದು, ಮುಂದಿನ ಸಲ ಅವುಗಳಲ್ಲಿ ಒಂದನ್ನು ಮಾತ್ರ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಭಾರತದಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಕರ್ತೃವಿನ ಮರಣಾನಂತರ 60 ವರ್ಷ ಇರುವುದರಿಂದ ಬ್ಲಾಸ್‌ಫೆಲ್ಟ್ ಅವರ ಚಿತ್ರಗಳನ್ನು ಅನುಸರಿಸಲು ಅಡ್ಡಿಯಿಲ್ಲ. ಆದರೂ ನಿಮ್ಮ ಚಿತ್ರವನ್ನು ನಾಲ್ಕು ಜನರಿಗೆ ತೋರಿಸುವಾಗ ಯಾರನ್ನು ಅನುಸರಿಸಿದ್ದೆಂದು ಬರೆಯುವುದು ಮರ್ಯಾದೆ. ಬದುಕಿರುವವರ ಕೃತಿಯನ್ನು ಹೀಗೆ ಅಭ್ಯಾಸ ಮಾಡಿದಾಗ ಫಲಿತಾಂಶ ಮನೆಯಲ್ಲಿಯೇ ಇರಲಿ, ಸ್ಪರ್ಧೆಗೆ ಹೋಗುವುದು ಬೇಡ.

ನಕಲು ಮೂಲಕ್ಕೆ ಹತ್ತಿರ ಬಂದ ಮೇಲೆ ಅದೇ ಕಿಟಕಿ, ಅದೇ ಹಾಳೆಗಳನ್ನಿಟ್ಟುಕೊಂಡು ನಮ್ಮ ಸುತ್ತಲಿನ ಗಿಡಗಳಿಗೆ ತಿರುಗಬಹುದು. ಸರ್ವೆಮರದ ಸೂಜಿಗಳಿಂದ ಆರಂಭಿಸುವುದು ಒಳ್ಳೆಯದು. ಎಲೆಯೆಂದು ನಾವು ತಿಳಿಯುವ ಆ ಸೂಜಿ ನಿಜಕ್ಕೂ ಗೆಣ್ಣುಗೆಣ್ಣಾದ ತೆಳು ರೆಂಬೆ. ಪ್ರತಿ ಗೆಣ್ಣಿನಲ್ಲಿಯೂ ಹಲ್ಲಿನಂತೆ ಕುಳಿತ ಚಿಕ್ಕ ಚಿಕ್ಕ ಪೊರೆಗಳೇ ಅದರ ಎಲೆಗಳು. ದಾಸವಾಳದ ಮೊಗ್ಗು, ಎಕ್ಕದ ಹೂವಿನ ನಡುವಣ ಕಿರೀಟ, ಉಮ್ಮತ್ತಿಯ ಮುಳ್ಳುಕಾಯಿ ಅನಂತರ ಬರಲಿ. ಎಕ್ಕದ ಹಾಲು ಕಣ್ಣಿಗೆ ತಗಲಿದರೆ ಅಪಾಯ, ಉಮ್ಮತ್ತಿ ಇಡಿಯಾಗಿ ವಿಷ; ಆದ್ದರಿಂದ ಇವನ್ನು ಸವರುವಾಗ ಕೈಗವಸು ಹಾಕಿಕೊಳ್ಳಿ, ಕತ್ತರಿಯನ್ನು ತೊಳೆದಿಡಿ, ಮೇಜನ್ನು ಒರೆಸುವವರೆಗೆ ಮಕ್ಕಳನ್ನು ಅತ್ತ ಬಿಡಬೇಡಿ.