ಮನೆಯಲ್ಲಿ ಬಾರ್ಲಿ ಮಾಲ್ಟ್ ಮಾಡುವ ಕ್ರಮ

ಬಾರ್ಲಿ ಕಾಳಿನ ಒಳಗೆ ತುಂಬಿರುವ ಪಿಷ್ಟವನ್ನು ಬಿಯರ್ ಹುದುಗಿಸುವ ಯೀಸ್ಟ್ ನೇರವಾಗಿ ಬಳಸಿಕೊಳ್ಳಲಾರದು. ಅದಕ್ಕೆ ಸಕ್ಕರೆ ಬೇಕು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಕಾಳು ಮೊಳೆಯುವಾಗ ತಯಾರಾಗುತ್ತವೆ. ಕಿಣ್ವಗಳು ಸಿದ್ಧವಾಗಿ, ಎಳೆಸಸಿಯು ಪಿಷ್ಟವನ್ನು ತಾನೇ ತಿಂದು ಮುಗಿಸುವ ಮೊದಲು ಬೆಳವಣಿಗೆಯನ್ನು ತಡೆದು, ಕಿಣ್ವ ಕೆಡದಂತೆ ಕಾಳನ್ನು ಒಣಗಿಸುವುದೇ ಮಾಲ್ಟ್ ಮಾಡುವ ಕೆಲಸ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡುವ ರೂಢಿಯಿರುವ ನಮ್ಮ ಮನೆಗಳಿಗೆ ಇದು ತೀರ ಹೊಸದಲ್ಲ, ಆದರೆ ಬಿಯರ್‌ಗೆ ಬೇಕಾದ ಮಾಲ್ಟ್ ಕೇಳುವ ನಿಖರತೆ ಬೇರೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಾಲ್ಟ್ ಮಾತ್ರ ಆಹಾರಧಾನ್ಯವೇ ಆದ್ದರಿಂದ ಅದನ್ನು ಮಾಡಿ ಹಾಲಿಗೋ ಬ್ರೆಡ್ಡಿಗೋ ಬಳಸಲು ಅಡ್ಡಿಯಿಲ್ಲ. ಅಮೆರಿಕದಲ್ಲಿ 1978ರ ಕಾನೂನಿನಿಂದಾಗಿ ವಯಸ್ಕರೊಬ್ಬರು ವರ್ಷಕ್ಕೆ 100 ಗ್ಯಾಲನ್‌ವರೆಗೆ ಸ್ವಂತಕ್ಕಾಗಿ ಬಿಯರ್ ಮಾಡಿಕೊಳ್ಳಬಹುದು. ಅಲ್ಲಿರುವ ಕನ್ನಡಿಗರು ಈ ಮಾಲ್ಟಿನಿಂದ ಬಿಯರನ್ನೂ ಮಾಡಿಕೊಳ್ಳಬಹುದು.

ಕಾಳಿನ ಆಯ್ಕೆ

ಕಿರಾಣಿ ಅಂಗಡಿಯಲ್ಲಿ ಗಂಜಿಗೆಂದು ಸಿಗುವ ಬಿಳಿ ಬಾರ್ಲಿ ಈ ಕೆಲಸಕ್ಕೆ ಬಾರದು. ಪಾಲಿಶ್ ಮಾಡುವಾಗ ಅದರ ಹೊಟ್ಟಿನ ಜೊತೆಗೆ ಮೊಳಕೆಯ ಭಾಗವೂ ಹೋಗಿರುತ್ತದೆ. ಹೊಟ್ಟು ಸಮೇತವಿರುವ ಇಡೀ ಬಾರ್ಲಿ, ಅಂದರೆ ಜವೆಗೋಧಿ ಬೇಕು. ಹೋಮಕ್ಕೆಂದು ಗ್ರಂಥಿಗೆ ಅಂಗಡಿಯಲ್ಲಿ ಅದು ಸಿಗುತ್ತದೆ, ಆದರೆ ಎಷ್ಟು ಹಳೆಯದೆಂದು ಕೇಳಬೇಕು. ಬಿತ್ತನೆಗೆಂದು ಔಷಧ ಲೇಪಿಸಿದ ಬೀಜವನ್ನು, ಎಷ್ಟು ತೊಳೆದರೂ, ಯಾವ ಕಾರಣಕ್ಕೂ ಬಳಸಬಾರದು.

ಉತ್ತರ ಭಾರತದಲ್ಲಿ ಬಾರ್ಲಿ ಹಿಂಗಾರಿನ ಬೆಳೆ, ಮಾರ್ಚ್–ಏಪ್ರಿಲ್‌ನಲ್ಲಿ ಕೊಯ್ಲು. ಹೊಸ ಕಾಳು ಕೆಲವು ವಾರ ಸುಪ್ತಾವಸ್ಥೆಯಲ್ಲಿದ್ದು ಸರಿಯಾಗಿ ಮೊಳೆಯದು. ಬೆಂಗಳೂರಿನಂಥ ಊರಿನಲ್ಲಿ ಡಿಸೆಂಬರ್–ಜನವರಿಯ ತಂಪಿನವರೆಗೆ ಕಾಯುವುದೇ ಸೂಕ್ತ. ಮೊಳಕೆಗೆ ಬೇಕಾದ 15ರಿಂದ 18 ಡಿಗ್ರಿ ಸೆಲ್ಸಿಯಸ್ ಆಗ ರಾತ್ರಿಯಲ್ಲಾದರೂ ತಾನಾಗಿ ಸಿಗುತ್ತದೆ. ಕೆಲಸ ಶುರುಮಾಡುವ ಮೊದಲು ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಹರಡಿಡಿ. ಮೂರು ದಿನದೊಳಗೆ 95ಕ್ಕಿಂತ ಕಡಿಮೆ ಮೊಳೆತರೆ ಆ ಕಾಳನ್ನು ಬಿಟ್ಟು ಬೇರೆಯದನ್ನು ಹುಡುಕಿ.

ನೆನೆಸುವುದು

ಇಲ್ಲಿ ಗಡಿಯಾರಕ್ಕಿಂತ ತಕ್ಕಡಿಯನ್ನು ನಂಬಬೇಕು. ಒಣ ಕಾಳಿನಲ್ಲಿ ಸುಮಾರು ಶೇ 12ರಷ್ಟು ತೇವವಿರುತ್ತದೆ. ಅದನ್ನು ಶೇ 44ರ ಆಸುಪಾಸಿಗೆ ಏರಿಸಬೇಕು. ಒಂದು ಕಿಲೋ ಕಾಳಿನಲ್ಲಿ 880 ಗ್ರಾಂ ಒಣ ಅಂಶವಿರುವುದರಿಂದ, ನೆನೆಸಿ ಚೆನ್ನಾಗಿ ಬಸಿದ ಮೇಲೆ ಅದು ಸುಮಾರು 1,570 ಗ್ರಾಂ ತೂಗಬೇಕು. ದೂಳು ಹೋಗುವಂತೆ ತೊಳೆದು, ತೇಲುವ ಜಳ್ಳನ್ನು ತೆಗೆದು, ಎಂಟು ಗಂಟೆ ತಣ್ಣೀರಿನಲ್ಲಿಡಿ. ಆಮೇಲೆ ನೀರು ಬಸಿದು, ಎಂಟು ಗಂಟೆ ಹಾಗೆಯೇ ಗಾಳಿಗೆ ಬಿಡಿ. ನೀರಿನಲ್ಲಿ ಮುಳುಗಿದ ಕಾಳೂ ಉಸಿರಾಡುತ್ತಿರುತ್ತದೆ. ಬಿಡುವು ಕೊಡದೆ ರಾತ್ರಿ ಹಗಲು ನೆನೆಸಿದರೆ ಅದು ಉಸಿರುಗಟ್ಟಿ ಹುಳಿ ವಾಸನೆ ಬರುತ್ತದೆ. ಮತ್ತೆ ಹೊಸ ನೀರು, ಮತ್ತೆ ಬಿಡುವು. ತೂಕ ಮುಟ್ಟುವ ಹೊತ್ತಿಗೆ ಕಾಳಿನ ಬುಡದಲ್ಲಿ ಬಿಳಿಯ ಚುಕ್ಕೆಯಷ್ಟು ಬೇರಿನ ತುದಿ ಇಣುಕಿರುತ್ತದೆ.

ಮೊಳಕೆ

ಹೆಸರುಕಾಳಿನಂತೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡುವಂತಿಲ್ಲ. ಮೊಳೆಯುವ ಬಾರ್ಲಿಯು ಸಾಕಷ್ಟು ಶಾಖವನ್ನು ಹೊರಹಾಕುವುದರಿಂದ ಗಂಟಿನ ನಡುಭಾಗ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಅಗಲವಾದ ತಟ್ಟೆಯಲ್ಲೋ ಜರಡಿಯಲ್ಲೋ ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ, ಒದ್ದೆ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ, ಬೆಳಿಗ್ಗೆ ಸಂಜೆ ಕೈಯಾಡಿಸಿ ತಿರುವಬೇಕು. ಇಲ್ಲದಿದ್ದರೆ ಬೇರುಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಒಣಗಿದಂತೆ ಕಂಡರೆ ನೀರು ಚಿಮುಕಿಸಿದರೆ ಸಾಕು.

ಸಾಮಾನ್ಯವಾಗಿ ನಾಲ್ಕೈದು ದಿನ ಹಿಡಿಯುತ್ತದೆ. ಹೊರಗೆ ಕಾಣುವ ಬೇರಿನ ಉದ್ದವನ್ನು ನೋಡಿ ಮೋಸಹೋಗಬಾರದು. ನೋಡಬೇಕಾದದ್ದು ಹೊಟ್ಟಿನ ಅಡಿಯಲ್ಲಿ, ಕಾಳಿನ ಬೆನ್ನಿನುದ್ದಕ್ಕೆ ಮೇಲೇರುವ ಎಲೆಮೊಳಕೆಯನ್ನು. ಒಂದಷ್ಟು ಕಾಳುಗಳನ್ನು ಆರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪರೀಕ್ಷಿಸಿ. ಎಲೆಮೊಳಕೆ ಕಾಳಿನ ಮುಕ್ಕಾಲು ಉದ್ದವನ್ನು ದಾಟಿದ್ದು, ಒಳಗಿನ ತಿರುಳನ್ನು ಬೆರಳುಗಳ ನಡುವೆ ಉಜ್ಜಿದಾಗ ಗಟ್ಟಿ ಕಣ ತಗಲದೆ ಸೀಮೆಸುಣ್ಣದಂತೆ ಬಳಿದುಕೊಂಡರೆ ಕಿಣ್ವಗಳು ಪಿಷ್ಟದ ಸುತ್ತಲಿನ ಕೋಶಭಿತ್ತಿಯನ್ನು ಒಡೆದಿವೆ ಎಂದು ಅರ್ಥ. ಮೊಳಕೆ ಹೊಟ್ಟು ಸೀಳಿ ಹೊರಬಂದಿದ್ದರೆ ತಡವಾಗಿದೆ, ಪಿಷ್ಟ ಕರಗತೊಡಗಿದೆ.

ಒಣಗಿಸುವುದು

ಮೊಳಕೆ ಬರಿಸುವುದರಲ್ಲಿ ಪಳಗಿದವರೂ ಎಡವುವುದು ಇಲ್ಲಿ. ಒದ್ದೆ ಕಾಳಿಗೆ ಒಮ್ಮೆಲೇ ಜೋರು ಶಾಖ ಕೊಟ್ಟರೆ ಕಿಣ್ವಗಳು ನಾಶವಾಗುತ್ತವೆ, ಒಣಗಿದ ಕಾಳಿನಲ್ಲಿ ಅದೇ ಕಿಣ್ವಗಳು 80 ಡಿಗ್ರಿಯನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಆದ್ದರಿಂದ ಮೊದಲ ಹಂತದಲ್ಲಿ 45ರಿಂದ 50 ಡಿಗ್ರಿ ಮೀರದಂತೆ, ಗಾಳಿ ಚೆನ್ನಾಗಿ ಆಡುವಂತೆ ಇಟ್ಟು, ಒಂದು ಕಿಲೋದಿಂದ ಶುರುವಾದ ರಾಶಿ ಸುಮಾರು 950 ಗ್ರಾಂಗೆ ಇಳಿಯುವವರೆಗೆ ಒಣಗಿಸಬೇಕು. ಹೆಚ್ಚೂಕಡಿಮೆ ಒಂದು ದಿನ ಹಿಡಿದೀತು. ಹಣ್ಣು ತರಕಾರಿ ಒಣಗಿಸುವ ವಿದ್ಯುತ್ ಯಂತ್ರವಿದ್ದರೆ ಅದೇ ಅನುಕೂಲ, ಏಕೆಂದರೆ ಬಹಳಷ್ಟು ಓವನ್‌ಗಳು ಇಷ್ಟು ಕಡಿಮೆ ಶಾಖದಲ್ಲಿ ನಿಲ್ಲುವುದಿಲ್ಲ. ಒಳ್ಳೆಯ ಬಿಸಿಲಿದ್ದರೆ ಮಾಳಿಗೆಯ ಮೇಲೆ ತೆಳುವಾಗಿ ಹರಡಿದರೂ ನಡೆಯುತ್ತದೆ.

ಆಮೇಲೆ ಓವನ್ನಿನಲ್ಲಿ ಶಾಖವನ್ನು ನಿಧಾನವಾಗಿ ಏರಿಸಿ, 80ರಿಂದ 85 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಇಡಬೇಕು. ಬಿಸ್ಕತ್ತಿನ ನವಿರು ಪರಿಮಳ ಬರುವುದೂ ತೇವ ಶೇ 4ರ ಹತ್ತಿರಕ್ಕೆ ಇಳಿಯುವುದೂ ಈ ಹಂತದಲ್ಲೇ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಕಾಳಿನ ರಾಶಿಯೊಳಗೆ ಥರ್ಮಾಮೀಟರ್ ಇಡುವುದು ಕ್ಷೇಮ.

ಬಿಸಿಯಿರುವಾಗಲೇ ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿದರೆ ಒಣಗಿದ ಬೇರುಗಳು ಉದುರುತ್ತವೆ; ಮೊರದಲ್ಲಿ ಕೇರಿ ತೆಗೆಯಿರಿ. ಅವು ಕಹಿ, ತೇವವನ್ನೂ ಹೀರುತ್ತವೆ. ದನಕ್ಕೆ ಮಾತ್ರ ಒಳ್ಳೆಯ ಮೇವು. ಕಿಲೋ ಕಾಳಿಗೆ 800ರಿಂದ 850 ಗ್ರಾಂ ಮಾಲ್ಟ್ ಉಳಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ವಾರ ಇಟ್ಟು ಬಳಸಬೇಕು.

ಇಷ್ಟೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು 50 ಗ್ರಾಂ ಮಾಲ್ಟನ್ನು ತರಿಯಾಗಿ ಒಡೆದು, 150 ಮಿಲಿ ಲೀಟರ್ ನೀರಿನಲ್ಲಿ ಕಲಸಿ, 66 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಡಿ. ಮೇಲಿನ ತಿಳಿಯ ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು, ಅದಕ್ಕೆ ಅಯೋಡಿನ್ ದ್ರಾವಣ ತಾಗಿಸಿ, ಬಣ್ಣ ನೋಡಿದ ಮೇಲೆ ಹನಿಯನ್ನು ಚೆಲ್ಲಿಬಿಡಿ. ಅಯೋಡಿನ್‌ನ ಕಂದು ಬಣ್ಣ ಹಾಗೆಯೇ ನಿಂತರೆ ಪಿಷ್ಟ ಸಕ್ಕರೆಯಾಗಿದೆ. ಕಡುನೀಲಿಗೆ ತಿರುಗಿದರೆ ಒಣಗಿಸುವಾಗ ಶಾಖ ಹೆಚ್ಚಾಗಿರುವ ಸಂಭವವೇ ಜಾಸ್ತಿ. ಅಂಥ ಮಾಲ್ಟನ್ನು ಎಸೆಯಬೇಕಿಲ್ಲ, ಕೊಂಡು ತಂದ ಒಳ್ಳೆಯ ಮಾಲ್ಟಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಮುಗಿಸಬಹುದು.