ಮಣಿಪಾಲಕ್ಕೆ ಬಂದವರನ್ನು ನಾನು ಎಲ್ಲಿಗೆ ಕಳುಹಿಸುತ್ತೇನೆ

ಮಣಿಪಾಲದಲ್ಲಿ ನಮ್ಮ ಮನೆಯ ಮಾಳಿಗೆಯ ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದ ಅಪ್ಪ-ಅಮ್ಮಂದಿರು. ಫೀಸು ಕಟ್ಟಿ, ಹಾಸ್ಟೆಲಿಗೆ ಬಕೆಟ್ಟು, ಬೀಗ, ಹಾಸಿಗೆ ಎಲ್ಲ ತೆಗೆದುಕೊಟ್ಟಾದ ಮೇಲೆ ಅವರಿಗೆ ಒಂದು ದಿನವೋ ಒಂದೂವರೆ ದಿನವೋ ಖಾಲಿ ಉಳಿಯುತ್ತದೆ. ರೈಲು ಇರುವುದು ನಾಳೆ. ಕೋಣೆಯಲ್ಲಿ ಕೂತರೆ ಅಮ್ಮಂದಿರಿಗೆ ಅಳು ಬರುತ್ತದೆ. ಹಾಗಾಗಿ ಹೊರಗೆ ಕಳುಹಿಸುವುದು ನನ್ನ ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ.

ತೊಂದರೆ ಏನೆಂದರೆ ಇವರು ಬರುವುದು ಕಾಲೇಜಿನ ಕ್ಯಾಲೆಂಡರ್ ನೋಡಿ, ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆ ನೋಡಿ ಅಲ್ಲ. ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಸುರಿಯುವುದೇ ಜೂನ್‌ನಿಂದ ಆಗಸ್ಟಿನ ಒಳಗೆ. ಮೊಬೈಲಿನಲ್ಲಿ ಮಲ್ಪೆ ಎದುರಿನ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪದ ಫೋಟೊ ತೋರಿಸಿ ‘ಬೋಟು ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಾರೆ. ಬೋಟು ಇಲ್ಲ ಮಾರಾಯ್ರೆ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ಬಂದ್. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳೇ ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಬೀಚಿಗೆ ಹೋಗಿ ದೂರದಿಂದ ಅಲೆ ನೋಡಿ ಬನ್ನಿ, ಪಾದ ಒದ್ದೆ ಮಾಡಿಕೊಳ್ಳಲೂ ಇಳಿಯಬೇಡಿ ಎನ್ನುತ್ತೇನೆ. ಬಯಲುಸೀಮೆಯವರಿಗೆ ಇದನ್ನು ಎರಡೆರಡು ಸಲ ಹೇಳಬೇಕು. ದಡದಲ್ಲಿ ಮೊಣಕಾಲಷ್ಟೇ ಕಾಣುವ ನೀರು ಹಿಂದಕ್ಕೆ ಎಳೆಯುವ ರಭಸ ಅವರಿಗೆ ಅಂದಾಜಾಗುವುದಿಲ್ಲ.

ಹಾಗಾದರೆ ಮಳೆಯಲ್ಲಿ ಎಲ್ಲಿಗೆ? ಸಮುದ್ರಕ್ಕೆ ಬೆನ್ನು ಹಾಕಿ ಘಟ್ಟದ ಕಡೆ. ಮಲ್ಪೆಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 169ಎ ನಮ್ಮ ಟೈಗರ್ ಸರ್ಕಲ್ ಹಾದು ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುತ್ತದೆ. ಮಣಿಪಾಲದಿಂದ 50 ಕಿಲೋಮೀಟರ್ ಆಸುಪಾಸು. ಘಾಟಿಯ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ, ಮಿನಿ ಬಸ್ಸೇ ಗತಿ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಅಷ್ಟೇ ಸಾಕು, ಮೇಲೆ ಹೋಗಿ ಸೂರ್ಯಾಸ್ತ ಹುಡುಕುವ ಆಸೆ ಆ ತಿಂಗಳಲ್ಲಿ ಬೇಡ. ಮಂಜು ತೆರೆದುಕೊಂಡರೆ ಅದೃಷ್ಟ. ಕಾಡಿನೊಳಗೆ ಕಾಲಿಟ್ಟರೆ ಉಂಬಳ (ಜಿಗಣೆ) ಖಂಡಿತ. ಒಂದು ಪುಟ್ಟ ಡಬ್ಬಿಯಲ್ಲಿ ಉಪ್ಪು ಕಟ್ಟಿಕೊಡುತ್ತೇನೆ. ಕೂಡ್ಲು ತೀರ್ಥದಂಥ ಜಲಪಾತದ ಬುಡಕ್ಕೆ ಇಳಿಯುವುದನ್ನು ಮಾತ್ರ ಮಳೆ ಇಳಿದ ಮೇಲಕ್ಕೆ ಮುಂದೂಡಿಸುತ್ತೇನೆ. ಅಲ್ಲಿ ಅರಣ್ಯ ಇಲಾಖೆಯ ಗೇಟು ತೆರೆದಿದೆಯೇ ಎಂದು ಮೊದಲೇ ವಿಚಾರಿಸಬೇಕು.

ಅಷ್ಟು ದೂರ ಬೇಡ ಎನ್ನುವವರಿಗೆ ಎಂಡ್ ಪಾಯಿಂಟ್ ಉಂಟು. ಮಣಿಪಾಲ ಕೂತಿರುವುದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ತಲೆಯ ಮೇಲೆ. ಆ ಗುಡ್ಡ ಮುಗಿಯುವ ಅಂಚು ಇದು, ಕೆಳಗೆ ಸ್ವರ್ಣಾ ನದಿ. ಒಂದು ಮಳೆ ಬಿಟ್ಟು ಇನ್ನೊಂದು ಬರುವ ನಡುವಿನ ಹೊತ್ತಿನಲ್ಲೇ ಹೋಗಬೇಕು. ಬಿಸಿಲಿನಲ್ಲಿ ಒರಟಾಗಿದ್ದ ಕಲ್ಲಿಗೆ ಮಳೆಗಾಲದಲ್ಲಿ ಹಸಿರು ಪಾಚಿ ಹಿಡಿದು ಎಣ್ಣೆ ಸವರಿದ ಹಾಗೆ ಜಾರುತ್ತದೆ. ಹೊಸ ಶೂ ಹಾಕಿದವರೇ ಮೊದಲು ಬೀಳುವುದು. ಅಡಿ ಸವೆಯದ ರಬ್ಬರ್ ಚಪ್ಪಲಿ ವಾಸಿ. ಮೊಣಕಾಲು ನೋವಿನವರನ್ನು ಮಣ್ಣಪಳ್ಳ ಕೆರೆಯ ಸುತ್ತಲಿನ ದಾರಿಗೆ ಕಳುಹಿಸುತ್ತೇನೆ, ಅದು ಸಪಾಟು.

ನವೆಂಬರಿನ ಘಟಿಕೋತ್ಸವಕ್ಕೆ ಬರುವವರ ಭಾಗ್ಯವೇ ಬೇರೆ. ಅವರಿಗೆ ಸಮುದ್ರ ಸಿಗುತ್ತದೆ. ದ್ವೀಪಕ್ಕೆ ಬೆಳಗಿನ ಮೊದಲ ಬೋಟಿಗೇ ಹೋಗಿ ಎಂದು ಒತ್ತಾಯಿಸುತ್ತೇನೆ. ಮಧ್ಯಾಹ್ನಕ್ಕೆ ಕಲ್ಲು ಕಾದು ಕೈ ಊರಲು ಆಗುವುದಿಲ್ಲ. ದೊಡ್ಡ ಬೋಟು ದ್ವೀಪಕ್ಕೆ ತಾಗುವುದಿಲ್ಲ, ಸ್ವಲ್ಪ ದೂರದಲ್ಲಿ ಸಣ್ಣ ದೋಣಿಗೆ ದಾಟಿಸುತ್ತಾರೆ. ಇಳಿಯುವಾಗ ಕೆಲವೊಮ್ಮೆ ನೀರಿಗೇ ಕಾಲಿಡಬೇಕು. ಘಟಿಕೋತ್ಸವದ ರೇಷ್ಮೆ ಸೀರೆ ಕೋಣೆಯಲ್ಲೇ ಇರಲಿ.

ಅಲ್ಲಿನ ಕಲ್ಲುಗಳನ್ನು ಹತ್ತಿರದಿಂದ ನೋಡಬೇಕು. ಐದು, ಆರು, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಬೆಸೆದು ಎದ್ದಿವೆ. ಕೆಲವು ಆಳೆತ್ತರ ಮೀರಿದವು, ಕೆಲವು ನೀರಿನ ಅಂಚಿನಲ್ಲಿ ಬರೀ ತಲೆ ಮಾತ್ರ ತೋರಿಸುವಂಥವು. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಹೀಗೆ ಬಿರುಕುಬಿಟ್ಟಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಕಂಬದ ನೆತ್ತಿಯ ಮೇಲೆ ನಿಂತರೆ ಎರಡು ಪಾದಕ್ಕೆ ಜಾಗ ಸರಿಯಾಗುತ್ತದೆ. ಸಿವಿಲ್ ಓದಿದ ಮಗ ಅಪ್ಪನಿಗೆ ಇದನ್ನೆಲ್ಲ ವಿವರಿಸುವುದನ್ನು ಕೇಳಿದ್ದೇನೆ. ಅಪ್ಪನ ಗಮನವೆಲ್ಲ ಚಿಪ್ಪು ಹೆಕ್ಕುವುದರಲ್ಲಿತ್ತು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಲ್ಲಿನ ಚೂರು ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ನನ್ನನ್ನು ಕೇಳಿದರೆ ದ್ವೀಪಕ್ಕಿಂತ ಸಾಲಿಗ್ರಾಮದ ಕಯಾಕಿಂಗ್ ಒಂದು ಕೈ ಮೇಲು. ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನಾವೇ ಹುಟ್ಟು ಹಾಕಿಕೊಂಡು ಹೋಗುವುದು. ಸಮುದ್ರದ ನೀರು ಏರುವ ಹೊತ್ತು ನೋಡಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಏರಿದಾಗ ಕಾಂಡ್ಲಾದ ಸಂದಿನೊಳಗೂ ನುಗ್ಗಬಹುದು, ಇಳಿದಾಗ ಕೆಸರಿನಿಂದ ನೆಟ್ಟಗೆ ಎದ್ದ ಬೇರು, ಅದರ ಬುಡದಲ್ಲಿ ಓಡಾಡುವ ಏಡಿ. ಈಜು ಬಾರದವರೂ ಲೈಫ್ ಜಾಕೆಟ್ ಹಾಕಿಕೊಂಡು ಹೋಗುತ್ತಾರೆ. ಹುಟ್ಟು ಹಾಕಲು ಮುಂದಿನವರು ಹಿಂದಿನವರು ಒಂದೇ ತಾಳಕ್ಕೆ ಬರಬೇಕಾದ್ದರಿಂದ ಗಂಡ ಹೆಂಡತಿಯನ್ನು ಬೇರೆ ಬೇರೆ ದೋಣಿಗೆ ಹತ್ತಿಸುವುದು ಕ್ಷೇಮ.

ಕೊನೆಯ ಸಂಜೆ ಉಳಿದಿದ್ದರೆ ಕಾಪು ಬೀಚು. 1901ರ ದೀಪಸ್ತಂಭ ಬಂಡೆಯ ಮೇಲಿದೆ. ಮೇಲೆ ಹತ್ತಲು ಬಿಡುವುದು ಸಂಜೆಯ ಕೆಲವು ಗಂಟೆ ಮಾತ್ರ, ಬೆಳಿಗ್ಗೆ ಹೋದವರು ಬುಡ ನೋಡಿ ಬರುತ್ತಾರೆ. ಉಡುಪಿಯಿಂದ ಮಂಗಳೂರಿನ ಯಾವ ಬಸ್ಸು ಹತ್ತಿದರೂ ಕಾಪು ಪೇಟೆಯಲ್ಲಿ ಇಳಿದು ರಿಕ್ಷಾ ಹಿಡಿಯಬಹುದು. ಅದೇ ರಾತ್ರಿ ರೈಲು ಇರುವವರು ಬ್ಯಾಗನ್ನು ನಮ್ಮಲ್ಲಿ ಬಿಟ್ಟು ಹೋಗಲಿ. ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಉಡುಪಿಗೂ ಮಣಿಪಾಲಕ್ಕೂ ನಡುವೆ. ಸಂಜೆಯ ವಾಹನಗಳ ಸಾಲಿನಲ್ಲಿ ಆ ಸ್ವಲ್ಪ ದೂರಕ್ಕೂ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಬೇಕು.