ಕಾಳಗ ಎಳೆಯುತ್ತಿದೆಯೇ? ನಿಯಮ ತಿದ್ದುವ ಮುನ್ನ ಲೆಕ್ಕ ಹಾಕಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವ ತಂಡಗಳಲ್ಲಿ ಪದೇ ಪದೇ ಕೇಳಿಬರುವ ದೂರು: ಕಾಳಗ ಮುಗಿಯುವುದೇ ಇಲ್ಲ. ನಾಲ್ವರು ಸೇರಿ ಒಂದು ಓಗರ್ ದೈತ್ಯನನ್ನು ಕೆಡವಲು ಅರ್ಧ ಗಂಟೆ. ಆಟ ನಡೆಸುವ ಡಂಜನ್ ಮಾಸ್ಟರ್‌ಗಳಿಗೆ ತಕ್ಷಣ ಹೊಳೆಯುವ ಮದ್ದೆಂದರೆ ದೈತ್ಯರ ಹಿಟ್ ಪಾಯಿಂಟ್ (ಎಷ್ಟು ಹಾನಿ ತಾಳಬಲ್ಲರೆಂಬ ಅಂಕಿ) ಅರ್ಧಕ್ಕೆ ಇಳಿಸುವುದು. ಅದು ಏಕೆ ಕೈಕೊಡುತ್ತದೆ, ಬದಲಿಗೆ ಏನು ಮಾಡಬಹುದು ಎಂಬುದನ್ನು 2014ರ ಐದನೇ ಆವೃತ್ತಿಯ ಅಂಕಿಗಳನ್ನೇ ಹಿಡಿದು ನೋಡೋಣ. ಬೇಕಾದದ್ದು ಕಾಗದ, ಕ್ಯಾಲ್ಕುಲೇಟರ್ ಮತ್ತು ಫೋನಿನ ಸ್ಟಾಪ್‌ವಾಚ್.

ಆಟದ ಪರಿಚಯವಿಲ್ಲದವರಿಗೆ ಒಂದು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ. ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬಿದ್ದ ಅಂಕಿಗೆ ಬೋನಸ್ ಕೂಡಿಸಿದಾಗ ಎದುರಾಳಿಯ ಆರ್ಮರ್ ಕ್ಲಾಸ್‌ನಷ್ಟು (ರಕ್ಷಣೆಯ ಅಂಕಿಯಷ್ಟು) ಅಥವಾ ಅದಕ್ಕಿಂತ ಹೆಚ್ಚಾದರೆ ಏಟು ತಗುಲಿದಂತೆ.

ಮೊದಲ ಹೆಜ್ಜೆ: ಸಮಯ ಎಲ್ಲಿ ಹೋಗುತ್ತಿದೆ?

ನಿಯಮ ಮುಟ್ಟುವ ಮುಂಚೆ ಒಂದು ಕಾಳಗಕ್ಕೆ ಸ್ಟಾಪ್‌ವಾಚ್ ಹಿಡಿಯಿರಿ. ಎಷ್ಟು ರೌಂಡ್ ನಡೆಯಿತು, ಒಬ್ಬೊಬ್ಬರ ಸರದಿಗೆ ಎಷ್ಟು ಹೊತ್ತು ಹಿಡಿಯಿತು, ಎರಡನ್ನೂ ಬೇರೆ ಬೇರೆ ಬರೆಯಿರಿ. ನಾಲ್ವರು ಆಟಗಾರರು ಮತ್ತು ಒಂದು ಓಗರ್ ಎಂದರೆ ರೌಂಡಿಗೆ ಐದು ಸರದಿ. ಮೂರು ರೌಂಡಿಗೆ ಹದಿನೈದು. ಸರದಿಗೆ ಎರಡು ನಿಮಿಷವಾದರೆ ಅಲ್ಲಿಗೆ 30 ನಿಮಿಷ. ಹಿಟ್ ಪಾಯಿಂಟ್ ಅರ್ಧ ಮಾಡಿ ಒಂದು ರೌಂಡ್ ಉಳಿಸಿದರೂ 20 ನಿಮಿಷ ಬೇಕು. ಅದೇ ಸರದಿಯನ್ನು ಒಂದು ನಿಮಿಷಕ್ಕೆ ತಂದರೆ, ಯಾವ ಅಂಕಿಯನ್ನೂ ಮುಟ್ಟದೆ 15 ನಿಮಿಷದಲ್ಲಿ ಆಟ ಮುಂದಕ್ಕೆ ಹೋಗುತ್ತದೆ.

ಸರದಿ ಚುರುಕಾಗಿಸುವುದು ಕಷ್ಟವಲ್ಲ. ದಾಳಿಯ ದಾಳ, ಹಾನಿಯ ದಾಳ ಎರಡನ್ನೂ ಒಟ್ಟಿಗೆ ಉರುಳಿಸಿ. ದೈತ್ಯರ ಹಾನಿಗೆ ದಾಳವೇ ಬೇಡ. ಪುಸ್ತಕದಲ್ಲೇ ಸರಾಸರಿ ಅಚ್ಚಾಗಿದೆ (ಗಾಬ್ಲಿನ್‌ಗೆ 5, ಓಗರ್‌ಗೆ 13). ಮುಂದಿನ ಸರದಿ ಯಾರದೆಂದು ಮೊದಲೇ ಕೂಗಿ ಹೇಳಿ. ಮಂತ್ರದ ವಿವರ ಹುಡುಕುತ್ತಾ ಪುಟ ತಿರುವುವವರಿಗೆ ಅವರವರ ಮಂತ್ರಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಬಹಳಷ್ಟು ತಂಡಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ. ವಾಸಿಯಾಗದಿದ್ದರೆ ಮಾತ್ರ ಮುಂದೆ ಓದಿ.

ಎರಡನೇ ಹೆಜ್ಜೆ: ಇರುವ ನಿಯಮದ ಲೆಕ್ಕ

ಒಂದನೇ ಲೆವೆಲ್‌ನ ಫೈಟರ್ (ಯೋಧ) ಎಂದಿಟ್ಟುಕೊಳ್ಳಿ. ದಾಳಿಗೆ +5, ಉದ್ದ ಕತ್ತಿಯ ಹಾನಿ ಎಂಟು ಮುಖದ ದಾಳಕ್ಕೆ +3, ಅಂದರೆ ಸರಾಸರಿ 7.5. ಓಗರ್‌ನ ಆರ್ಮರ್ ಕ್ಲಾಸ್ 11, ಹಿಟ್ ಪಾಯಿಂಟ್ 59. ದಾಳದಲ್ಲಿ 6 ಅಥವಾ ಹೆಚ್ಚು ಬಿದ್ದರೆ ಸಾಕು, ಶೇ 75ರಷ್ಟು ಬಾರಿ ಏಟು ತಗುಲುತ್ತದೆ. 20 ಬಿದ್ದಾಗ ಹಾನಿಯ ದಾಳ ಇಮ್ಮಡಿಯಾಗುವುದನ್ನೂ (ಕ್ರಿಟಿಕಲ್ ಏಟು) ಸೇರಿಸಿದರೆ ಪ್ರತಿ ಬೀಸಿಗೆ ಸರಾಸರಿ 5.85 ಹಾನಿ. 59ನ್ನು ಇದರಿಂದ ಭಾಗಿಸಿ: ಸುಮಾರು ಹತ್ತು ಬೀಸು. ಇಂಥ ನಾಲ್ವರಿದ್ದರೆ ಮೂರನೇ ರೌಂಡ್‌ನಲ್ಲಿ ಓಗರ್ ಉರುಳುತ್ತದೆ.

ಇನ್ನು ಓಗರ್ ಕೊಡುವ ಏಟು. ಅದರ ದಾಳಿಗೆ +6, ಫೈಟರ್‌ನ ಆರ್ಮರ್ ಕ್ಲಾಸ್ 16. ತಗುಲುವ ಸಾಧ್ಯತೆ ಶೇ 55, ರೌಂಡಿಗೆ ಸರಾಸರಿ 7.6 ಹಾನಿ. ಮೂರು ರೌಂಡಿಗೆ ಸುಮಾರು 23. ಹೊಸ ನಿಯಮ ಏನೇ ಆಗಲಿ, ಓಗರ್ ಸಾಯುವಷ್ಟರಲ್ಲಿ ತಂಡದ ಮೈಮೇಲೆ ಇಷ್ಟು ಏಟು ಬಿದ್ದಿರಬೇಕು. ಇಲ್ಲವಾದರೆ ಕಾಳಗದ ವೇಗದ ಜೊತೆ ಅಪಾಯವೂ ಬದಲಾಗಿದೆ ಎಂದೇ ಅರ್ಥ.

ಹಿಟ್ ಪಾಯಿಂಟ್ ಅರ್ಧ ಮಾಡಿದಾಗ ಆಗುವುದು ಅದೇ: ಎರಡು ರೌಂಡ್, 15 ಹಾನಿ, ಓಗರ್ ಬರೀ ಬೆದರುಗೊಂಬೆ. ಅಷ್ಟೇ ಆದರೆ ಸಹಿಸಬಹುದಿತ್ತು. 2014ರ ನಿಯಮದಲ್ಲಿ ಸ್ಲೀಪ್ ಮಂತ್ರ ಹಿಟ್ ಪಾಯಿಂಟ್ ಎಣಿಸಿ ಮಲಗಿಸುತ್ತದೆ. ಎಂಟು ಮುಖದ ಐದು ದಾಳ, ಗರಿಷ್ಠ 40. ಗಾಯವಾಗದ, 59ರ ಓಗರ್ ಅದಕ್ಕೆ ಎಂದೂ ಬಗ್ಗದು. 29ರದ್ದು ಆಗಾಗ ಗೊರಕೆ ಹೊಡೆಯುತ್ತದೆ. ಸರಾಸರಿ 28 ಹಾನಿಯ ಫೈರ್‌ಬಾಲ್ ಮಂತ್ರ ಒಂದೇ ಸಲಕ್ಕೆ ಅದನ್ನು ಸಾವಿನ ಅಂಚಿಗೆ ತಳ್ಳುತ್ತದೆ. ಇಳಿಸಿದ್ದು ಒಂದು ಅಂಕಿ, ಬಲ ಬಂದದ್ದು ಮಂತ್ರವಾದಿಗೆ.

ಎಲ್ಲರ ಹಾನಿಯನ್ನೂ ಇಮ್ಮಡಿಗೊಳಿಸುವ ಇನ್ನೊಂದು ಉಪಾಯ ಇದಕ್ಕಿಂತ ಕೆಟ್ಟದ್ದು. ಓಗರ್‌ನ 13 ಈಗ 26. ಒಂದನೇ ಲೆವೆಲ್‌ನ ಫೈಟರ್‌ಗೆ 12 ಹಿಟ್ ಪಾಯಿಂಟ್ ಇದ್ದರೆ, ಸೊನ್ನೆಗೆ ಇಳಿದ ಮೇಲೂ 14 ಹಾನಿ ಮಿಕ್ಕುತ್ತದೆ. ಮಿಕ್ಕಿದ ಹಾನಿ ಗರಿಷ್ಠ ಹಿಟ್ ಪಾಯಿಂಟ್‌ನಷ್ಟು ಅಥವಾ ಹೆಚ್ಚಿದ್ದರೆ ಪಾತ್ರ ಆ ಕ್ಷಣವೇ ಸಾಯುತ್ತದೆ ಎಂಬುದು ಮೂಲ ನಿಯಮ. ಮೊದಲ ಏಟಿಗೇ ಒಬ್ಬ ಆಟಗಾರ ಎದ್ದು ಚಹಾ ಮಾಡಲು ಹೋಗಬೇಕು.

ಮೂರನೇ ಹೆಜ್ಜೆ: ತಿದ್ದುವುದು

ಓಗರ್‌ನ ಹಿಟ್ ಪಾಯಿಂಟ್ ಕಾಲು ಭಾಗ ಇಳಿಸಿ 44 ಮಾಡಿ. ಎಂಟು ಬೀಸು, ಅಂದರೆ ಎರಡು ರೌಂಡ್. ಮೂರು ರೌಂಡಿನ 23 ಹಾನಿಯನ್ನು ಎರಡರಲ್ಲಿ ಕೊಡಬೇಕಾದರೆ ರೌಂಡಿಗೆ ಸುಮಾರು 11.5 ಬೇಕು. ಅದನ್ನು ಒಂದೇ ಏಟಿನಲ್ಲಿ ತುರುಕಬೇಡಿ. ಓಗರ್‌ಗೆ ಎರಡು ದಾಳಿ ಕೊಡಿ, ಒಂದೊಂದಕ್ಕೆ ಆರು ಮುಖದ ಎರಡು ದಾಳ +3, ಸರಾಸರಿ 10. ರೌಂಡಿಗೆ 11.7 ಬರುತ್ತದೆ, ಲೆಕ್ಕ ಕೂಡಿತು. ಸರಾಸರಿ ಏಟು 12 ಹಿಟ್ ಪಾಯಿಂಟ್‌ನ ಫೈಟರ್‌ನನ್ನು ಒಂದೇ ಸಲಕ್ಕೆ ಕೆಡವುವುದಿಲ್ಲ, ಎರಡು ಏಟನ್ನು ಇಬ್ಬರಿಗೆ ಹಂಚಲೂಬಹುದು. 44 ಎಂಬುದು 40ಕ್ಕಿಂತ ಮೇಲಿರುವುದರಿಂದ ಸ್ಲೀಪ್ ಕೂಡ ಮೊದಲ ಕ್ಷಣದಲ್ಲಿ ಕೆಲಸ ಮಾಡದು.

ದಾಳವನ್ನೇ ಬದಲಿಸುವ ಆಸೆಯಿದ್ದರೆ

ಇಪ್ಪತ್ತು ಮುಖದ ದಾಳದ ಬದಲು ಆರು ಮುಖದ ಮೂರು ದಾಳ ಬಳಸಿದರೆ ಅದೃಷ್ಟದ ಏರುಪೇರು ತಗ್ಗುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಹಳೆಯ ದಾಳದಲ್ಲಿ ಪ್ರತಿ +1ರ ಬೆಲೆ ಶೇ 5 ಆಗಿದ್ದರೆ, ಮೂರು ದಾಳದಲ್ಲಿ ನಡುವಿನ ಅಂಕಿಗಳ ಬಳಿ ಅದು ಶೇ 12.5, ತುದಿಯಲ್ಲಿ ಶೇ 0.5ಕ್ಕಿಂತ ಕಡಿಮೆ. ಗಾಬ್ಲಿನ್‌ನ +4 ದಾಳಿಯ ಎದುರು ಆರ್ಮರ್ ಕ್ಲಾಸ್ 16ರ ಫೈಟರ್ ಗುರಾಣಿ ಹಿಡಿದು 18 ಆದನೆನ್ನಿ. ಹಳೆಯ ದಾಳದಲ್ಲಿ ಏಟು ತಗುಲುವ ಸಾಧ್ಯತೆ ಶೇ 45ರಿಂದ 35ಕ್ಕೆ ಇಳಿಯುತ್ತಿತ್ತು. ಈಗ ಶೇ 37.5ರಿಂದ 16ಕ್ಕೆ. ಗುರಾಣಿಯ ಬಲ ಇಮ್ಮಡಿಗೂ ಮೀರಿತು. ಓಗರ್‌ಗೆ ಏಟು ತಗುಲುವ ಸಾಧ್ಯತೆ ಶೇ 75ರಿಂದ 95ಕ್ಕೆ ಜಿಗಿಯುತ್ತದೆ. ಹಾಗಾಗಿ ಈ ದಾರಿ ಹಿಡಿದವರು ಗುರಾಣಿಯನ್ನು +1ಕ್ಕೆ ಇಳಿಸಬೇಕು, ಕ್ರಿಟಿಕಲ್ ಏಟನ್ನು 16, 17, 18ಕ್ಕೆ ವಿಸ್ತರಿಸಬೇಕು. ಮೂರೂ ಸೇರಿ ಶೇ 4.6, ಹಳೆಯ ಶೇ 5ಕ್ಕೆ ಹತ್ತಿರ. ಬರೀ 18 ಎಂದರೆ 216ರಲ್ಲಿ ಒಂದು ಸಲ.

1 ಬಿದ್ದರೆ ಕತ್ತಿ ಕೈಜಾರುತ್ತದೆ ಎಂಬ ಮನೆನಿಯಮ ಬಹಳ ಕಡೆ ಇದೆ. ಅದನ್ನು ಕೈಬಿಡುವುದೇ ಒಳ್ಳೆಯದು. ಒಂದೇ ಬೀಸಿನ ಹೊಸಬನಿಗೆ ಸರದಿಗೆ ಶೇ 5 ಅಪಾಯ. 11ನೇ ಲೆವೆಲ್‌ನಲ್ಲಿ ಮೂರು ಬೀಸು ಪಡೆದ ನುರಿತ ಫೈಟರ್‌ಗೆ ಶೇ 14. ಪಳಗಿದಷ್ಟೂ ಎಡವುವ ಯೋಧ!

ಒಳ್ಳೆಯ ತಿದ್ದುಪಡಿಗೆ ಮಾದರಿ ಬೇಕೆಂದರೆ 2000ದ ಮೂರನೇ ಆವೃತ್ತಿ ನೋಡಿ. ಅದಕ್ಕೂ ಮುಂಚೆ ಆರ್ಮರ್ ಕ್ಲಾಸ್ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಎದುರಾಳಿಯ ಆರ್ಮರ್ ಕ್ಲಾಸ್ 3 ಇದ್ದರೆ, ದಾಳಿ ಮಾಡುವವನ ಅಂಕಿ 20ರಿಂದ 3 ಕಳೆದು ದಾಳದಲ್ಲಿ 17 ಬೇಕೆಂದು ತಿಳಿಯಬೇಕಿತ್ತು. ಹೊಸ ಆವೃತ್ತಿ ಅದನ್ನು ತಿರುಗಿಸಿ ಆರ್ಮರ್ ಕ್ಲಾಸನ್ನು 17 ಎಂದೇ ಬರೆಯಿತು. ಸಾಧ್ಯತೆ ಅದೇ, ಕಳೆಯುವ ಕೆಲಸ ಮಾತ್ರ ತಪ್ಪಿತು.

ನಾಲ್ಕನೇ ಹೆಜ್ಜೆ: ಪರೀಕ್ಷೆ

ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ. ಅದೇ ಕಾಳಗವನ್ನು 1, 5 ಮತ್ತು 11ನೇ ಲೆವೆಲ್‌ನ ಪಾತ್ರಗಳಿಂದ ಆಡಿಸಿ, ಎದುರಾಳಿಗಳನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ. 5ರಲ್ಲಿ ಫೈಟರ್‌ಗೆ ಎರಡನೇ ಬೀಸು, ಮಂತ್ರವಾದಿ ವಿಝರ್ಡ್‌ಗೆ ಫೈರ್‌ಬಾಲ್ ಒಟ್ಟಿಗೇ ಸಿಗುವುದರಿಂದ ಮನೆನಿಯಮಗಳು ಮುರಿದುಬೀಳುವುದು ಹೆಚ್ಚಾಗಿ ಅಲ್ಲೇ. ಆಟ ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. "ಯಾವಾಗ ಫೋನ್ ನೋಡಿದಿರಿ?" ಎಂದು ಕೇಳಿ.

ತಿದ್ದಿದ ನಿಯಮಗಳನ್ನು ಪ್ರಕಟಿಸುವ ಯೋಚನೆಯಿದ್ದರೆ, ಆಟದ ಪ್ರಕಾಶಕ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್ 4.0 ಪರವಾನಗಿಯಡಿ ಬಿಟ್ಟ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1 (ಆಟದ ಮೂಲ ನಿಯಮಗಳ ದಾಖಲೆ) ಬಳಸಿ. ಮಾರಾಟಕ್ಕೂ ಅಡ್ಡಿಯಿಲ್ಲ. ಅದರಲ್ಲಿ ಕೊಟ್ಟಿರುವ ಕೃಪೆಯ ಸಾಲನ್ನು ನಿಮ್ಮ ಪುಸ್ತಕದಲ್ಲಿ ಅಚ್ಚು ಹಾಕಬೇಕು, ಬದಲಾವಣೆ ಮಾಡಿದ್ದೀರಿ ಎಂಬುದನ್ನೂ ತಿಳಿಸಬೇಕು. ಕಂಪನಿಯ ಚಿತ್ರಗಳು ಈ ಪರವಾನಗಿಯಲ್ಲಿ ಸೇರಿಲ್ಲ.